ಕಪ್ಪು ಮೊದಲು

ನಿಲ್ಲು ಗ್ಲೇಬ್, ಅವಸರ ಬೇಡ.
ಕೀ ತೆಗೆದು ಜೇಬಿಗೆ ಹಾಕು, ಒಳಗಿನ ದೀಪ ಆರಲಿ.
ಮೈನಸ್ ನಲವತ್ತಾರು ಅಂದಳು ರೇಡಿಯೋದವಳು,
ದಿನಾ ಎರಡು ಡಿಗ್ರಿ ಕಮ್ಮಿಯೇ ಹೇಳುತ್ತಾಳೆ
ನಮ್ಮ ಧೈರ್ಯ ಕೆಡದಿರಲಿ ಅಂತ.

ನಿಮ್ಮ ಸೋಚಿಯಲ್ಲಿ ಗಾಡಿ ಬಯಲಲ್ಲೇ ಮಲಗುತ್ತದಂತೆ, ತಾಳೆಮರದ ಬುಡದಲ್ಲಿ.
ಯಾಕುತ್ಸ್ಕ್‌ನಲ್ಲಿ ಹೊರಗೆ ಮಲಗುವುದು ಕುದುರೆ ಮಾತ್ರ,
ಗೊರಸಿನಿಂದ ಹಿಮ ಕೆದಕಿ ಹುಲ್ಲು ಹುಡುಕಿ
ಯಾರ ಹಂಗೂ ಇಲ್ಲದೆ ಏಪ್ರಿಲ್ ಮುಟ್ಟುತ್ತದೆ.
ಈ ಜಪಾನಿನ ಗಾಡಿಗೆ ಮೈತುಂಬ ಕಂಬಳಿ ಹೊದಿಸಿದರೂ ಸಾಲದು,
ಎದೆಯನ್ನೇ ಬಿಚ್ಚಿ ಮನೆಯೊಳಗೆ ಮಲಗಿಸಬೇಕು.

ಉಂಗುರ ತೆಗೆ.
ತೆಗೆಯೋ ಮಾರಾಯ, ಮದುವೆಯೇನೂ ಮುರಿಯುವುದಿಲ್ಲ.
ಅಳಿಯನಾದರೂ ಆಗು, ಮಗಳ ಗಂಡನಾದರೂ ಆಗು,
ಬಾನೆಟ್ಟಿನ ಕೆಳಗೆ ಬರಿಗೈ ಬೆರಳೇ ಬೇಕು.
ನನ್ನ ಉಯ್ಬಾನ್ ಇದೇ ಮಾತಿಗೆ ನಕ್ಕಿದ್ದ.
ಇದೇ ಅಂಗಳ. ಆ ಬೆಳಿಗ್ಗೆ ನಮಗೆ ಜಗಳವಾಗಿತ್ತು,
ಯಾವುದಕ್ಕೆ ಅಂತ ನೆನಪಿಲ್ಲ, ಬೆಣ್ಣೆಯ ವಿಷಯವಿರಬೇಕು.
ನಟ್ಟು ಜಾರುತ್ತದೆ ಅಂತ ಕೈಗವಸು ಕಿತ್ತೆಸೆದ,
ಸಿಟ್ಟಿನಲ್ಲಿ ಕೆಂಪಿಗೇ ಮೊದಲು ಕೈ ಹಾಕಿದ.
ಕಪ್ಪು ಇನ್ನೂ ಬಿಗಿದೇ ಇತ್ತು.
ನಟ್ಟಿಗೂ ಗಾಡಿಯ ಮೈಗೂ ನಡುವೆ ಸಿಕ್ಕ ಉಂಗುರ
ಕಣ್ಣು ಮಿಟುಕಿಸುವಷ್ಟರಲ್ಲಿ ಕುಲುಮೆಯ ಕಬ್ಬಿಣ.

ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು.
ಬೆರಳ ಸುತ್ತ ಉಳಿದ ನುಣ್ಣನೆ ಬಿಳಿ ಗೆರೆ
ಮಣ್ಣಿಗಿಡುವ ದಿನವೂ ಹಾಗೇ ಇತ್ತು.
ಮಂದಿ ಅಂದರು, ಎಂಥ ಪ್ರೀತಿ ನೋಡು,
ಚರ್ಮದ ಮೇಲೇ ಬರೆದುಕೊಂಡಿದ್ದಾನೆ.
ನಾನು ಬಾಯಿ ಬಿಡಲಿಲ್ಲ.

ಹತ್ತರ ಸ್ಪ್ಯಾನರ್ ಕೊಡು ಇಲ್ಲಿ.

ಕಪ್ಪು ಮೊದಲು. ಮೈನಸ್ಸಿನ ಗುರುತು ನೋಡು,
ಬಣ್ಣ ನಂಬಬೇಡ, ಹಳೆಯ ಗಾಡಿ,
ಯಾವ ಕೈ ಯಾವ ತಂತಿ ಹಾಕಿತ್ತೋ.
ಬಿಚ್ಚಿದ ತಂತಿ ಈಗ ಒಣಕಟ್ಟಿಗೆಯ ಹಾಗೆ,
ಬಿಟ್ಟರೆ ಸೆಟೆದು ತನ್ನ ಜಾಗಕ್ಕೇ ಹಾರುತ್ತದೆ.
ಬಟ್ಟೆ ಸುತ್ತಿ ಪಕ್ಕಕ್ಕೆ ಸಿಕ್ಕಿಸು.
ಹಾಂ. ಈಗ ಕೆಂಪು. ಆಮೇಲೆ ತಳದ ಪಟ್ಟಿ.
ಎತ್ತು, ವಾಲಿಸಬೇಡ, ಒಳಗಿರುವುದು ಆಮ್ಲ,
ನೆಟ್ಟಗೆ ಹಿಡಿ, ಸಾರು ತುಂಬಿದ ಪಾತ್ರೆ ಅಂದುಕೋ.
ಮೂರು ಮಹಡಿ. ಲಿಫ್ಟ್ ಇಲ್ಲ. ನಾನು ಅರವತ್ತೆರಡರವಳು,
ಹೋದ ಚಳಿಗಾಲದ ತನಕ ನಾನೇ ಹೊರುತ್ತಿದ್ದೆ.

ಅಡುಗೆಮನೆಗೆ ಬೇಡ! ಅಲ್ಲಿ ಒಲೆ ಉರಿಯುತ್ತಿದೆ.
ನಡುಮನೆ ಬಾಗಿಲ ಬಳಿ, ಬೂಟುಗಳ ಪಕ್ಕ, ಹಲಗೆಯ ಮೇಲೆ.
ಬೆಕ್ಕು ಬಂದರೆ ಓಡಿಸು.
ಹಲ್ಲಿನ ಬ್ರಷ್ಷು ತಗೋ, ಹಳೆಯದು,
ಬೆಚ್ಚನೆ ನೀರಿಗೆ ಚಿಟಿಕೆ ಸೋಡಾ,
ಆ ಹಸಿರು ಬೂಷ್ಟು ಉಜ್ಜು, ನೊರೆಯೆದ್ದು ಸಾಯುತ್ತದೆ.
ನೀರು ಒಳಗಿಳಿಯದಿರಲಿ. ಒರೆಸು.

ಕ್ಯುನ್ನೇಯ್ ನಗುತ್ತಿದ್ದಾಳೆ ನೋಡು ಬಾಗಿಲ ಹಿಂದೆ,
ಅವಳಿಗೆ ಹನ್ನೊಂದಕ್ಕೇ ಕಲಿಸಿದ್ದೆ,
ನಿನಗೆ ಹೇಳಿಲ್ಲವೇ? ಒಳ್ಳೆಯದು,
ಗಂಡನಿಗೆ ಎಲ್ಲವನ್ನೂ ಹೇಳಬಾರದು.

ಬೆಳಿಗ್ಗೆ ಎಲ್ಲ ತಿರುವುಮುರುವು.
ಕೆಂಪು ಮೊದಲು, ಕಪ್ಪು ಕೊನೆಗೆ.
ಬಿಗಿ ಮಾಡು, ಆದರೆ ಸೀಸ ಮೆತ್ತಗಿನ ಲೋಹ,
ಗಂಡಸುತನ ತೋರಿಸಿದರೆ ಕೊರಳು ಮುರಿಯುತ್ತದೆ.
ಕಪ್ಪು ಮುಟ್ಟಿಸುವಾಗ ಚಿಟ್ ಅಂತ ಕಿಡಿ ಬರಬಹುದು,
ಮುಖ ದೂರ ಇಟ್ಟುಕೋ, ಕೈ ಬೆದರದಿರಲಿ.
ರೇಡಿಯೋ ತನ್ನ ಊರುಗಳನ್ನೆಲ್ಲ ಮರೆತಿರುತ್ತದೆ,
ಗಡಿಯಾರ ಸೊನ್ನೆಯಿಂದ ಎಣಿಸುತ್ತಿರುತ್ತದೆ.
ಎಣಿಸಲಿ. ಚಳಿಯಲ್ಲಿ ಅದರ ಗುಂಡಿ ಒತ್ತುತ್ತಾ ಕೂರಬೇಡ,
ಗಂಟೆ ಎಷ್ಟು ಅಂತ ನನ್ನನ್ನು ಕೇಳು.

ಏನು, ಉಂಗುರವೇ?
ಕಿಟಕಿಯ ಹತ್ತಿರದ ತಟ್ಟೆಯಲ್ಲಿದೆ, ಸೋಡಾ ಡಬ್ಬಿಯ ಪಕ್ಕ.
ಕೈ ತೊಳೆದುಕೋ ಮೊದಲು.